ಕ್ಲೌಡ್‌ನಲ್ಲಿ ವಿಡಿಯೋ ರಿಸರ್ಚ್: ಹೊಸಬ್ರಿಗೆ ಕಲಿಸೋದು ಹೇಗೆ?

ಪಿಎಚ್‌ಡಿಗೆ ಸೇರಿದ ಮೊದಲ ವಾರವೇ ಹುಡುಗರ ಕೈಗೆ ಕ್ಲೌಡ್ ಅಕೌಂಟ್ ಕೊಟ್ಟು "ಏನಾದ್ರೂ ಮಾಡ್ರಪ್ಪ" ಅಂತ ಬಿಟ್ಬಿಡ್ಬೇಡಿ. ಸ್ಟ್ರೀಮಿಂಗಲ್ಲಿ ವಿಡಿಯೋ ಎಲ್ಲೆಲ್ಲಿ ಕೆಡತ್ತೆ ಅನ್ನೋದನ್ನ ಅವ್ರು ಒಂದು ಲ್ಯಾಪ್‌ಟಾಪಲ್ಲೇ ಕಣ್ಣಾರೆ ನೋಡ್ಲಿ, ಆಮೇಲೆ ಕ್ಲೌಡು.

ಮೊದ್ಲು ವಿಡಿಯೋ ಆರಿಸ್ಕೊಳಿ. ಸಿನಿಮಾ ಕ್ಲಿಪ್ ಬೇಡ, ಕಾಪಿರೈಟ್ ತಲೆನೋವು. ಬ್ಲೆಂಡರ್ ಫೌಂಡೇಶನ್‌ನವ್ರು 2008ರಲ್ಲಿ ಮಾಡಿದ 'ಬಿಗ್ ಬಕ್ ಬನ್ನಿ' ಇದೆ, ಹತ್ತು ನಿಮಿಷದ ಅನಿಮೇಶನ್, ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸು, ಈ ಫೀಲ್ಡಲ್ಲಿ ತುಂಬಾ ಜನ ಇದನ್ನೇ ಬಳಸೋದ್ರಿಂದ ಹೋಲಿಸೋಕೂ ಸುಲಭ. ಆದ್ರೆ ಅದೊಂದನ್ನೇ ನಂಬ್ಕೋಬೇಡಿ, ಅನಿಮೇಶನ್ ಸುಲಭವಾಗಿ ಕಂಪ್ರೆಸ್ ಆಗತ್ತೆ, ಜೊತೆಗೆ ಕಾಲೇಜ್ ಗ್ರೌಂಡಲ್ಲಿ ಫೋನಲ್ಲಿ ಹಿಡಿದ ಕ್ರಿಕೆಟ್ ಮ್ಯಾಚ್ ಥರದ್ದೂ ಒಂದು ಇರ್ಲಿ.

ಈಗ ಎಫ್‌ಎಫ್‌ಎಂಪೆಗ್ ಅನ್ನೋ ವಿಡಿಯೋ ಸಾಫ್ಟ್‌ವೇರಲ್ಲಿ ಅವನ್ನ 240ಪಿ, 480ಪಿ, 720ಪಿ, 1080ಪಿ ಹೀಗೆ ನಾಲ್ಕು ಸೈಜಿಗೆ ಎನ್‌ಕೋಡ್ (ಅಂದ್ರೆ ಕಂಪ್ರೆಸ್) ಮಾಡ್ಸಿ ಎರಡೆರಡು ಸೆಕೆಂಡಿನ ತುಂಡು ಮಾಡ್ಸಿ, ನೆಟ್ ಸ್ಪೀಡ್ ನೋಡ್ಕೊಂಡು ಪ್ಲೇಯರ್ ಪ್ರತಿ ತುಂಡಿಗೂ ಒಂದು ಸೈಜ್ ಆರಿಸ್ಕೊಳತ್ತೆ. ಇಲ್ಲಿ ಅವಸರ ಬೇಡ. ವಿಡಿಯೋ ಸೆಕೆಂಡಿಗೆ 24 ಫ್ರೇಮ್ ಇದ್ರೆ ಪ್ರತಿ 48ನೇ ಫ್ರೇಮಿಗೆ ಕೀಫ್ರೇಮ್ (ಬೇರೆ ಫ್ರೇಮಿನ ನೆರವಿಲ್ಲದೆ ಪೂರ್ತಿ ಚಿತ್ರ ಇರೋ ಫ್ರೇಮ್) ಬರ್ಲೇಬೇಕು, ನಾಲ್ಕೂ ಸೈಜಲ್ಲಿ ಒಂದೇ ಜಾಗದಲ್ಲಿ ಬರ್ಬೇಕು, ಇಲ್ದಿದ್ರೆ ಪ್ಲೇಯರ್ 1080ಪಿಯಿಂದ 480ಪಿಗೆ ಇಳಿಯೋವಾಗ ತುಂಡುಗಳು ಒಂದಕ್ಕೊಂದು ಕೂಡಲ್ಲ, ಚಿತ್ರ ಎಗರತ್ತೆ ಇಲ್ಲಾ ನಿಲ್ಲತ್ತೆ. ಒಂದ್ಸಲ ಡಿಫಾಲ್ಟ್ ಸೆಟ್ಟಿಂಗಲ್ಲೇ ಮಾಡೋಕೆ ಬಿಡಿ, ಅವ್ರೇ ನೋಡ್ಲಿ, ಆಮೇಲೆ ಕಾರಣ ಅವ್ರೇ ಹುಡುಕ್ಲಿ, ಹಾಗೆ ಕಲ್ತಿದ್ದು ಮರೆಯಲ್ಲ.

ಆಮೇಲೆ ಲಿನಕ್ಸಿನ ನೆಟ್‌ಎಮ್ ಟೂಲಲ್ಲಿ ನೆಟ್‌ವರ್ಕನ್ನ ಬೇಕಂತಲೇ ಕೆಡ್ಸಿ, ಸ್ಪೀಡ್ ಇಳ್ಸಿ, ಪ್ಯಾಕೆಟ್ (ಡೇಟಾದ ಚೂರು) ಕಳೆದುಹೋಗೋ ಹಾಗೆ ಮಾಡ್ಸಿ, ಬಫರಿಂಗ್ ಎಷ್ಟು ಸೆಕೆಂಡ್ ಆಯ್ತು ಅಂತ ಬರ್ಕೊಳ್ಳೋಕೆ ಹೇಳಿ. ಕ್ವಾಲಿಟಿ ಅಳೆಯೋಕೆ ನೆಟ್‌ಫ್ಲಿಕ್ಸ್ 2016ರಲ್ಲಿ ಓಪನ್ ಸೋರ್ಸ್ ಮಾಡಿದ ವಿಮ್ಯಾಫ್ ಇದೆ, ನೂರಕ್ಕೆ ಇಷ್ಟು ಅಂತ ಸ್ಕೋರ್ ಕೊಡತ್ತೆ, ಆದ್ರೆ ನಾಲ್ಕು ಜನರನ್ನ ಕೂರ್ಸಿ ತೋರ್ಸೋದನ್ನ ಬಿಡ್ಬೇಡಿ, ಕೊನೆಗೆ ನೋಡೋದು ಕಣ್ಣೇ ಅಲ್ವಾ.

ಇಷ್ಟಾದ್ಮೇಲೆ ಕ್ಲೌಡು. ಮಿಷಿನ್ ಸ್ಟಾರ್ಟ್ ಮಾಡೋ ಮುಂಚೆ ಪೇಪರ್ ಮೇಲೆ ಲೆಕ್ಕ ಹಾಕ್ಸಿ. ಹತ್ತು ನಿಮಿಷದ ವಿಡಿಯೋ 5 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 5 ಮೆಗಾಬಿಟ್, ಎಂಟು ಬಿಟ್ ಸೇರಿದ್ರೆ ಒಂದು ಬೈಟ್) ಹೋದ್ರೆ ಒಂದು ಸಲಕ್ಕೆ 375 ಎಂಬಿ, ಸಾವಿರ ಸಲ ನೋಡಿದ್ರೆ 375 ಜಿಬಿ. ಒಳಗೆ ಹಾಕೋಕೆ ಸಾಮಾನ್ಯವಾಗಿ ದುಡ್ಡಿಲ್ಲ, ಹೊರಗೆ ಹೋಗೋ ಡೇಟಾಗೆ ಬಿಲ್ ಬೀಳತ್ತೆ, ಅದಕ್ಕೇ ಟೆಸ್ಟ್ ಪ್ಲೇಯರುಗಳನ್ನೂ ಅದೇ ರೀಜನ್ (ಕ್ಲೌಡ್ ಕಂಪನಿಯ ಮಿಷಿನ್‌ಗಳಿರೋ ಜಾಗ) ಒಳಗೇ ಓಡ್ಸಿ. ಬಜೆಟ್ ಅಲರ್ಟ್ ಹಾಕಿ, ಆದ್ರೆ ಅದು ಸಾಮಾನ್ಯವಾಗಿ ಮೇಲ್ ಅಷ್ಟೇ ಕಳ್ಸತ್ತೆ, ಮಿಷಿನ್ ತಾನಾಗೇ ಆಫ್ ಆಗಲ್ಲ ಅನ್ನೋದು ಹೊಸಬ್ರಿಗೆ ಗೊತ್ತಿರಲ್ಲ.

ಎನ್‌ಕೋಡಿಂಗಿಗೆ ಸ್ಪಾಟ್ ಮಿಷಿನ್, ಅಂದ್ರೆ ಕಂಪನಿ ಹತ್ರ ಖಾಲಿ ಬಿದ್ದಿರೋದನ್ನ ಬಾಡಿಗೆಗೆ ಕೊಡೋದು, ತಗೊಳಿ, ತುಂಬಾ ಅಗ್ಗ, ಆದ್ರೆ ಯಾವಾಗ ಬೇಕಾದ್ರೂ ಕಿತ್ಕೋತಾರೆ, ಅಮೆಜಾನಿನ ಕ್ಲೌಡ್ ಎಡಬ್ಲ್ಯೂಎಸ್‌ನಲ್ಲಿ ಎರಡೇ ನಿಮಿಷ ಮುಂಚೆ ನೋಟಿಸ್ ಬರತ್ತೆ. ಇದು ತೊಂದರೆ ಅಲ್ಲ, ಒಳ್ಳೇ ಪಾಠ. ಪ್ರತಿ ತುಂಡು ಮುಗಿದ ತಕ್ಷಣ ಸ್ಟೋರೇಜಿಗೆ ಹೋಗ್ಬೇಕು, ಮಿಷಿನ್ ಸತ್ರೆ ಇನ್ನೊಂದು ಬಂದು ಉಳಿದಿದ್ದನ್ನ ಮಾತ್ರ ಮಾಡ್ಬೇಕು, ಹಾಗೆ ಕೋಡ್ ಬರೆಯೋದು ಕಲಿತವ್ರಿಗೆ ಕ್ಲೌಡ್ ಅರ್ಥ ಆಯ್ತು ಅಂತಲೇ ಲೆಕ್ಕ.

ಯಾವ ತುಂಡಿಗೆ ಯಾವ ಕ್ವಾಲಿಟಿ ಅಂತ ಆರಿಸೋ ಹೊಸ ಅಲ್ಗಾರಿದಮ್ ಬರೆಯೋ ಆಸೆ ಎಲ್ರಿಗೂ ಇರತ್ತೆ, ಇರ್ಲಿ. ಅದಕ್ಕೂ ಮುಂಚೆ ಸ್ಟ್ಯಾನ್‌ಫರ್ಡಿನ ಪಫರ್ ಪ್ರಾಜೆಕ್ಟಿನ 2020ರ ಪೇಪರ್ ಓದಿಸ್ಲೇಬೇಕು. ಅವ್ರು ನಿಜವಾದ ಜನರಿಗೆ ಲೈವ್ ಟಿವಿ ತೋರ್ಸಿ ಅಳೆದಾಗ, ಬಫರ್ (ಪ್ಲೇಯರ್ ಮುಂಚೆನೇ ಇಳಿಸಿಟ್ಕೊಂಡ ವಿಡಿಯೋ) ಎಷ್ಟು ತುಂಬಿದೆ ಅಂತ ನೋಡಿ ಕ್ವಾಲಿಟಿ ಆರಿಸೋ ಸರಳ ವಿಧಾನವೇ ದೊಡ್ಡ ದೊಡ್ಡ ಹೆಸರಿನ ವಿಧಾನಗಳ ಎದುರು ಚೆನ್ನಾಗಿ ನಿಂತ್ಕೊಳ್ತು. ಲ್ಯಾಬಲ್ಲಿ ಗೆದ್ದಿದ್ದು ಹೊರಗೆ ಗೆಲ್ಲತ್ತೆ ಅಂತೇನಿಲ್ಲ, ಡೇಟಾ ಕಮ್ಮಿ ಇದ್ರೆ ಸಣ್ಣ ವ್ಯತ್ಯಾಸ ಕಾಣೋದೇ ಇಲ್ಲ.

ಕೊನೇ ಹಂತ, ಒಬ್ಬರ ಪ್ರಯೋಗವನ್ನ ಇನ್ನೊಬ್ಬರು ಬರೀ ರೀಡ್‌ಮಿ ಫೈಲ್ (ಹೇಗೆ ಓಡಿಸ್ಬೇಕು ಅಂತ ಬರೆದಿಟ್ಟಿದ್ದು) ನೋಡ್ಕೊಂಡು ಮತ್ತೆ ಓಡಿಸ್ಬೇಕು, ಪಕ್ಕದಲ್ಲಿ ಕೂತು ಹೇಳ್ಕೊಡೋ ಹಾಗಿಲ್ಲ. ನಂಬರ್ ಹತ್ತಿರ ಬಂದ್ರೆ ಕೋಡು, ಸಾಫ್ಟ್‌ವೇರ್ ವರ್ಶನ್ನು, ನೆಟ್‌ವರ್ಕ್ ಕೆಡ್ಸಿದ ಸೆಟ್ಟಿಂಗಿನ ಫೈಲು ಎಲ್ಲ ಒಟ್ಟಿಗೆ ಹಾಕಿಡಿ, ಆಮೇಲೆ ಮಿಷಿನ್ ಜೊತೆಗೆ ಡಿಸ್ಕು, ಡಿಸ್ಕಿನ ಕಾಪಿಯಾದ ಸ್ನ್ಯಾಪ್‌ಶಾಟೂ ಡಿಲೀಟ್ ಮಾಡ್ಸಿ, ಮಿಷಿನ್ ನಿಲ್ಸಿದ್ರೂ ಅವಕ್ಕೆ ಬಿಲ್ ಬರ್ತಾನೇ ಇರತ್ತೆ.