ಮೈಸೂರು ನೋಡಲು ಬಂದ ಕಾಲೇಜು ಮಕ್ಕಳು, ನಮ್ಮ ಬಂಡೂರು ಕುರಿ: ನನ್ನ ಅನುಭವ

ನಾಲ್ಕು ವರ್ಷದ ಹಿಂದೆ, ಮೈಸೂರು ಸುತ್ತಲು ಬರುವ ಕಾಲೇಜು ಮಕ್ಕಳನ್ನು ಕುರಿ ನೋಡಿಕೊಳ್ಳಲು ಇಟ್ಟುಕೊಳ್ಳೋಣ ಅಂತ ನಾನು ಮಾತು ಎತ್ತಿದಾಗ ನಮ್ಮ ಬಾವ ಕೇಳಿದ್ದು, "ಪಟ್ಟಣದ ಮಕ್ಳು ಕುರಿ ಹಿಕ್ಕೆ ಬಾಚ್ತಾರಾ? ಅದೂ ಸಂಬಳ ಇಲ್ದೆ?" ಹೋದ ತಿಂಗಳು ಅದೇ ಬಾವ ಫೋನ್ ಮಾಡಿ, ನಮ್ಮ ಶೆಡ್ಡಿಗೂ ಇಬ್ಬರನ್ನು ಕಳಿಸು ಅಂದರು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಮ್ಮದು ಬನ್ನೂರಿನ ಹತ್ತಿರ. ಬಂಡೂರು ತಳಿ, ಬನ್ನೂರು ಕುರಿ ಅಂತಲೂ ಕರೆಯುತ್ತಾರೆ. ಹೆಣ್ಣುಕುರಿ ನಲವತ್ತರ ಆಸುಪಾಸು, ಟಗರು ಎರಡು. ಮೈಸೂರು ಸುಮಾರು 25 ಕಿಲೋಮೀಟರ್. ರಜೆಯಲ್ಲಿ ಮೈಸೂರು ಸುತ್ತಲು ಬರುವ ಮಕ್ಕಳಿಗೆ ಇರಲು ಜಾಗ, ಊಟ ಕೊಡುತ್ತೇನೆ. ಅವರು ದಿನಕ್ಕೆ ನಾಲ್ಕೈದು ಗಂಟೆ ಕುರಿ ನೋಡಿಕೊಳ್ಳುತ್ತಾರೆ. ಇಷ್ಟೇ ಲೆಕ್ಕ.

ಮೊದಲ ವರ್ಷ ಪೂರ್ತಿ ಸೋತೆ. ಐದು ಜನ ಬಂದರು. ದಿನವಿಡೀ ಏನಾದರೂ ಕೆಲಸ ಹೇಳುತ್ತಿದ್ದೆ. ಮೂರನೇ ದಿನಕ್ಕೆ ಇಬ್ಬರು ಹೇಳದೆ ಹೊರಟರು. ಉಳಿದ ಮೂವರು ಒಂದು ರಾತ್ರಿ ಹುಟ್ಟುಹಬ್ಬ ಮಾಡಿದರು. ಮಿಕ್ಕ ಅನ್ನ ಹಾಳಾಗಬಾರದು ಅಂತ ಒಳ್ಳೆ ಮನಸ್ಸಿನಿಂದಲೇ ಒಂದು ಡಬರಿ ತುಂಬಾ ಕುರಿಗಳಿಗೆ ಸುರಿದರು. ಬೆಳಗ್ಗೆ ಎದ್ದು ನೋಡಿದರೆ ಮೂರು ಕುರಿ ಮಲಗಿಬಿಟ್ಟಿವೆ. ಹೊಟ್ಟೆ ಮುಟ್ಟಿದರೆ ನೀರು ತುಂಬಿದ ಚೀಲ, ಹಲ್ಲು ಕಡಿಯುತ್ತಿವೆ. ಅಡುಗೆ ಸೋಡಾ ಕುಡಿಸಿದೆವು, ಡಾಕ್ಟರು ಬಂದರು. ಒಂದು ಉಳಿಯಿತು. ಎರಡು ಹೋದವು, ಎರಡೂ ಗಬ್ಬದ ಕುರಿ. ಮೂವತ್ತು ಸಾವಿರದ ಹತ್ತಿರ ನಷ್ಟ. ಆ ಮಕ್ಕಳಿಗೆ ಬೈಯಲಿಲ್ಲ. ಅನ್ನ ಹಾಕಬಾರದು ಅಂತ ಹೇಳಿಕೊಡದೇ ಇದ್ದದ್ದು ನಾನು.

ಎರಡನೇ ವರ್ಷ ಕಕ್ಕಸಿಗೆ, ಸ್ನಾನದ ಮನೆಗೆ ಹೆಚ್ಚುಕಮ್ಮಿ ನಲವತ್ತು ಸಾವಿರ ಹಾಕಿದೆ. ಇದರಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಒಳ್ಳೆ ಕಕ್ಕಸು ಇಲ್ಲದಿದ್ದರೆ ಹೆಣ್ಣುಮಕ್ಕಳು ಬರುವುದಿಲ್ಲ, ನಮ್ಮಲ್ಲಿ ಚೆನ್ನಾಗಿ ಕೆಲಸ ಮಾಡಿದವರು ಜಾಸ್ತಿ ಹೆಣ್ಣುಮಕ್ಕಳೇ. ಅವರಿಗೆ ಇನ್ನೊಂದು ಅನುಕೂಲ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಹುಡುಗಿಯರಿಗೆ ಬನ್ನೂರು–ಮೈಸೂರು ಸರ್ಕಾರಿ ಬಸ್ಸಿಗೆ ದುಡ್ಡೇ ಬೇಡ, ಆಧಾರ್ ತೋರಿಸಿದರೆ ಸಾಕು.

ಅಸಲಿ ಬದಲಾವಣೆ ಎರಡು. ಒಂದು, ಕೆಲಸವನ್ನು ಎರಡು ಹೊತ್ತಿಗೆ ಒಡೆದೆ. ಬೆಳಗ್ಗೆ ಆರರಿಂದ ಒಂಬತ್ತು, ಸಂಜೆ ಐದರ ಮೇಲೆ. ವಾರಕ್ಕೆ ಎರಡು ದಿನ ಪೂರ್ತಿ ಬಿಡುವು, ಅದರಲ್ಲಿ ಭಾನುವಾರ ಒಂದು. ಭಾನುವಾರ ಸಂಜೆ ಅರಮನೆ ದೀಪ ಹತ್ತುತ್ತದಲ್ವಾ, ಅದನ್ನು ತಪ್ಪಿಸಿದರೆ ಮಕ್ಕಳ ಮುಖ ವಾರವೆಲ್ಲ ಬಾಡಿರುತ್ತದೆ. ಮಂಗಳವಾರ ಬಿಡುವು ಕೊಟ್ಟರೆ ಮೃಗಾಲಯಕ್ಕೆ ರಜೆ, ಸುಮ್ನೆ ತಿರುಗಿ ಬರುತ್ತಾರೆ. ಎರಡು, ಟಗರು ಬಿಡುವ ಕಾಲವನ್ನೇ ಬದಲಿಸಿದೆ. ಜುಲೈ ನಡುವಿನಲ್ಲಿ ಬಿಟ್ಟರೆ ಡಿಸೆಂಬರ್ ನಡುವಿಗೆ ಮರಿ. ಕ್ರಿಸ್‌ಮಸ್ ರಜೆಗೆ ಮಕ್ಕಳು, ಮರಿಗಳು ಒಟ್ಟಿಗೆ.

ಒಬ್ಬೊಬ್ಬರಿಗೆ ಎಂಟೆಂಟು ಕುರಿ ಹಂಚುತ್ತೇನೆ. ಎಲ್ಲರದ್ದೂ ಅಂದರೆ ಯಾರದ್ದೂ ಅಲ್ಲ. ಬರುವ ಮೊದಲೇ ಟಿಟಿ ಇಂಜೆಕ್ಷನ್ ಆಗಿರಬೇಕು. ಮರಿ ಹಾಕಿದ ಮೇಲೆ ಬೀಳುವ ಸತ್ತೆಯನ್ನು (ಮಾಸು) ಬರಿಗೈಲಿ ಮುಟ್ಟಕೂಡದು. ಶೆಡ್ಡಿಗೆ ಬೇರೆ ಚಪ್ಪಲಿ. ಈ ಮೂರರಲ್ಲಿ ಮುಲಾಜಿಲ್ಲ.

ಹೋದ ಡಿಸೆಂಬರ್‌ನಲ್ಲಿ ಒಂದು ರಾತ್ರಿ ಬಿ.ಎ. ಓದುವ ಹುಡುಗಿ ಬಂದು ಬಾಗಿಲು ತಟ್ಟಿದಳು. "ಅಣ್ಣಾ, ಹನ್ನೊಂದನೇ ಕುರಿ ಮರಿಯ ಬಾಯಿ ತಣ್ಣಗಿದೆ." ಬಾಯೊಳಗೆ ಬೆರಳಿಟ್ಟು ನೋಡುವುದನ್ನು ಹಿಂದಿನ ದಿನವಷ್ಟೇ ತೋರಿಸಿದ್ದೆ. ಹೋಗಿ ನೋಡಿದರೆ ಅವಳಿ ಮರಿ, ಚಿಕ್ಕದು ಒದ್ದೆಯಾಗಿ ಮೂಲೆಯಲ್ಲಿ ಮುದುಡಿದೆ. ಗೋಣಿಯಲ್ಲಿ ಉಜ್ಜಿ ಒಣಗಿಸಿ, ನಮ್ಮವ್ವ ಒಲೆ ಪಕ್ಕ ಇಟ್ಟುಕೊಂಡರು. ಮೈ ಬಿಸಿಯಾದ ಮೇಲೆ ಗಿಣ್ಣುಹಾಲು ಕರೆದು ಬಾಟಲಿಯಲ್ಲಿ ಕುಡಿಸಿದಳು. ಬೆಳಗಾಗುವಷ್ಟರಲ್ಲಿ ಎದ್ದು ನಿಂತಿತ್ತು. ತಾಯಿ ಮಾತ್ರ ಸೇರಿಸಲಿಲ್ಲ. ಬೇರೆ ಕುರಿ ಅದನ್ನು ಒಪ್ಪುವ ಹಾಗೆ ಮಾಡಿದ ಉಪಾಯ ನಮ್ಮಜ್ಜನದು, ಅದು ನನ್ನ ಹತ್ತಿರವೇ ಇರಲಿ.

ಮುಂಚೆ ಮರಿ ಕಾಲದಲ್ಲಿ ಎಂಟೊಂಬತ್ತು ಮರಿ ಸಾಯುತ್ತಿದ್ದವು. ಈ ಸಲ ಎರಡೇ. ನಮ್ಮ ಸುತ್ತಮುತ್ತ ಇಷ್ಟು ಕಡಿಮೆ ಇನ್ಯಾರಿಗೂ ಆಗಿಲ್ಲ, ಹೆಮ್ಮೆಯಿಂದಲೇ ಹೇಳುತ್ತೇನೆ. ಊಟಕ್ಕೆ ತಲೆಗೆ ದಿನಕ್ಕೆ ನೂರಿಪ್ಪತ್ತು, ನೂರೈವತ್ತು ರೂಪಾಯಿ ಬೀಳುತ್ತದೆ. ರಾತ್ರಿ ಕಾಯಲು ಕೂಲಿಯವರನ್ನು ಇಟ್ಟರೆ ಅದರ ನಾಲ್ಕು ಪಾಲು, ಅದೂ ಸಿಗಬೇಕಲ್ಲ.

ಕುರಿ ಉಣ್ಣೆಯನ್ನು ನೇಯದೆ, ತುಳಿದೇ ಕಂಬಳಿಬಟ್ಟೆ (ಫೆಲ್ಟ್) ಮಾಡುತ್ತೇವೆ ಅಂತ ಒಂದು ತಂಡ ಎರಡು ದಿನ ಸೋಪುನೀರಲ್ಲಿ ತುಳಿಯಿತು. ನಮ್ಮ ತಳಿಯ ಉಣ್ಣೆ ಒರಟು, ಆಗಲಿಲ್ಲ. ಅದನ್ನು ತೆಂಗಿನ ಬುಡಕ್ಕೆ ಹೊದಿಸಿದೆ, ತೇವ ಚೆನ್ನಾಗಿ ನಿಂತಿದೆ. ಇನ್ನೊಬ್ಬ ಹುಡುಗ ಒಣಗಿದ ಗೊಬ್ಬರವನ್ನು ಹತ್ತು ಕೆಜಿ ಚೀಲ ಮಾಡಿ ಮೈಸೂರಿನ ತಾರಸಿ ತೋಟದವರಿಗೆ ನೂರು ರೂಪಾಯಿಗೆ ಮಾರಿ ಬಂದ. ಅದು ಈಗಲೂ ನಡೆಯುತ್ತಿದೆ.

ಆದರೆ ದೊಡ್ಡ ದುಡ್ಡು ಬಂದದ್ದು ಅವರ ತಿರುಗಾಟದಿಂದ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು, ದೇವರಾಜ ಮಾರುಕಟ್ಟೆಯ ಹೂವಿನ ಸಾಲು ಎಲ್ಲ ಮುಗಿಸಿದ ಮೇಲೆ ಇಬ್ಬರು ಹೊಸ ಆಟ ಶುರು ಮಾಡಿದರು. "ಬನ್ನೂರು ಕುರಿ ಮಾಂಸ ಸಿಗುತ್ತದೆ" ಅಂತ ಬೋರ್ಡು ಇರುವ ಅಂಗಡಿಗಳನ್ನೆಲ್ಲ ಎಣಿಸುತ್ತಾ, ಕುರಿ ಎಲ್ಲಿಂದ ಬರುತ್ತದೆ ಅಂತ ಕೇಳುತ್ತಾ ಹೋದರು. ಇಪ್ಪತ್ತಕ್ಕೂ ಹೆಚ್ಚು ಅಂಗಡಿ. ಒಬ್ಬ ಅಂಗಡಿಯವರು, ಅಸಲಿ ತಳಿ ನೇರವಾಗಿ ಸಿಕ್ಕರೆ ನಾನೇ ತೊಗೋತೀನಿ ಅಂದರಂತೆ. ಮರುವಾರವೇ ಬಂದು ಮರಿ ನೋಡಿದರು. ಈಗ ದಲ್ಲಾಳಿ ಇಲ್ಲ, ಮರಿಗೆ ಸಾವಿರದೈನೂರು ಜಾಸ್ತಿ ಕೈಗೆ ಬರುತ್ತಿದೆ.

ಯಾರನ್ನು ಕರೆಯಬೇಕು, ಯಾರನ್ನು ಬೇಡ ಅನ್ನಬೇಕು ಅನ್ನುವುದಕ್ಕೆ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳುತ್ತೇನೆ. ಅದನ್ನು ಇಲ್ಲಿ ಬರೆದರೆ ನಾಳೆ ಎಲ್ಲರೂ ಉತ್ತರ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಬಾವನಿಗೆ ಮಾತ್ರ ಹೇಳಿದ್ದೇನೆ. ಅವರ ಶೆಡ್ಡಿನ ಪಕ್ಕ ಈಗ ಕಕ್ಕಸಿಗೆ ಗುಂಡಿ ತೋಡುತ್ತಿದ್ದಾರೆ.