ಥಾಯ್ಲೆಂಡಿನಲ್ಲಿ ನಿವೃತ್ತಿ ವೀಸಾ ನವೀಕರಣ: ಮೊದಲು ಪಾಸ್‌ಬುಕ್ ನೋಡಿಕೊಳ್ಳಿ

ನಿವೃತ್ತಿಯ ಆಧಾರದ ಮೇಲೆ ಥಾಯ್ಲೆಂಡಿನಲ್ಲಿ ನೆಲೆಸಿರುವ, 50 ವರ್ಷ ತುಂಬಿದ ವಿದೇಶಿಯರು ಪ್ರತಿ ವರ್ಷ ಅಲ್ಲಿನ ಇಮಿಗ್ರೇಶನ್ ಕಚೇರಿಯಲ್ಲಿ ವಾಸದ ಅವಧಿಯನ್ನು ವಿಸ್ತರಿಸಿಕೊಳ್ಳಬೇಕು. ಅರ್ಜಿಯನ್ನು ಅವಧಿ ಮುಗಿಯುವ ಮುಂಚಿನ 30 ದಿನಗಳಲ್ಲಿ ಕೊಡಬಹುದಾದರೂ ತಯಾರಿ ಅದಕ್ಕೂ ಮೊದಲೇ ಆರಂಭವಾಗಬೇಕು, ಏಕೆಂದರೆ ಅರ್ಜಿಯ ಹಣೆಬರಹ ನಿರ್ಧಾರವಾಗುವುದು ಬಹುಮಟ್ಟಿಗೆ ಬ್ಯಾಂಕಿನಲ್ಲಿ.

ಥಾಯ್ ಬ್ಯಾಂಕಿನಲ್ಲಿ ನಿಮ್ಮೊಬ್ಬರ ಹೆಸರಿನಲ್ಲೇ ಇರುವ ಖಾತೆಯಲ್ಲಿ 8 ಲಕ್ಷ ಬಾತ್ ಅರ್ಜಿಗೆ ಎರಡು ತಿಂಗಳ ಮೊದಲಿನಿಂದ ಇರಬೇಕು. ಅನುಮತಿ ಸಿಕ್ಕ ಮೇಲೂ ಮೂರು ತಿಂಗಳು ಅದನ್ನು ಮುಟ್ಟುವಂತಿಲ್ಲ, ಆನಂತರವೂ ಶಿಲ್ಕು 4 ಲಕ್ಷಕ್ಕಿಂತ ಕೆಳಗಿಳಿಯಬಾರದು. ತಿಂಗಳಿಗೆ 65,000 ಬಾತ್ ಆದಾಯ ತೋರಿಸುವ ದಾರಿಯೂ ಇದೆ. ಆದರೆ ಪಿಂಚಣಿಯನ್ನು ಭಾರತದಿಂದ ತರಿಸಿಕೊಳ್ಳುವವರಿಗೆ ಒಂದು ತಿಂಗಳ ರವಾನೆ ತಡವಾದರೂ ಲೆಕ್ಕ ಕೆಡುವುದರಿಂದ, ಕೈಯಲ್ಲಿ ಹಣವಿದ್ದವರಿಗೆ ಠೇವಣಿಯ ದಾರಿಯೇ ನಿಶ್ಚಿಂತೆಯದು ಎಂಬುದು ನನ್ನ ಅಭಿಪ್ರಾಯ.

ಅರ್ಜಿ ಕೊಡುವ ದಿನ ಬೆಳಿಗ್ಗೆ ಬ್ಯಾಂಕಿಗೆ ಹೋಗಿ ನೂರು ಬಾತ್ ಕಟ್ಟಿ, ಆ ದಿನದ ತಾರೀಕಿನ ಸಾಲು ಪಾಸ್‌ಬುಕ್ಕಿನಲ್ಲಿ ಅಚ್ಚಾದ ಮೇಲೆಯೇ ಶಿಲ್ಕಿನ ದೃಢೀಕರಣ ಪತ್ರವನ್ನು ಬರೆಸಿಕೊಳ್ಳಿ. ಆಗ ಎರಡರಲ್ಲೂ ಮೊತ್ತ ಒಂದೇ ಆಗಿರುತ್ತದೆ. ಇದರ ಜೊತೆಗೆ ವಿಸ್ತರಣೆಯ ಅರ್ಜಿಯಾದ ಟಿಎಂ 7 ನಮೂನೆ, ಭಾವಚಿತ್ರ, ಪಾಸ್‌ಪೋರ್ಟಿನ ಪ್ರತಿಗಳು, ವಿಳಾಸದ ದಾಖಲೆ ಮತ್ತು 1,900 ಬಾತ್ ಶುಲ್ಕ ಬೇಕು. ಪ್ರತಿಯೊಂದು ಪ್ರತಿಗೂ ನೀಲಿ ಶಾಯಿಯಲ್ಲಿ ಸಹಿ ಹಾಕಿಡಿ. ಕಚೇರಿಯಿಂದ ಕಚೇರಿಗೆ ಕೇಳುವ ಕಾಗದಗಳು ಬದಲಾಗುವುದರಿಂದ ನಿಮ್ಮ ಪ್ರಾಂತದ ಪಟ್ಟಿಯನ್ನು ಮೊದಲೇ ಪಡೆದುಕೊಳ್ಳುವುದು ಒಳ್ಳೆಯದು. ಓ-ಎ ವರ್ಗದ ವೀಸಾದಲ್ಲಿ (ಹೊರದೇಶದ ಥಾಯ್ ರಾಯಭಾರ ಕಚೇರಿಯಿಂದ ಮೊದಲೇ ಪಡೆಯುವ ದೀರ್ಘಾವಧಿ ವೀಸಾ) ಬಂದವರು ಆರೋಗ್ಯ ವಿಮೆಯನ್ನೂ ತೋರಿಸಬೇಕು.

ಪಾಸ್‌ಪೋರ್ಟಿನ ಅವಧಿ ಎಂಟೇ ತಿಂಗಳು ಉಳಿದಿದ್ದರೆ ವಿಸ್ತರಣೆಯೂ ಎಂಟೇ ತಿಂಗಳಿಗೆ ಸಿಗುತ್ತದೆ. ಹಾಗಾಗಿ ಭಾರತೀಯರು ಬ್ಯಾಂಕಾಕ್‌ನ ರಾಯಭಾರ ಕಚೇರಿಯ ಮೂಲಕ ಮೊದಲು ಹೊಸ ಪಾಸ್‌ಪೋರ್ಟ್ ಮಾಡಿಸಿ, ಹಳೆಯದರಲ್ಲಿರುವ ಮುದ್ರೆಗಳನ್ನು ಇಮಿಗ್ರೇಶನ್‌ನಲ್ಲಿ ಹೊಸದಕ್ಕೆ ವರ್ಗಾಯಿಸಿಕೊಳ್ಳಬೇಕು.

ಇಷ್ಟೆಲ್ಲ ಮಾಡಿಯೂ ಜನ ಎಡವುವುದು ಮರುಪ್ರವೇಶದ ಅನುಮತಿಯಲ್ಲಿ. ಮದುವೆಗೆಂದು ನಾಲ್ಕು ದಿನ ಬೆಂಗಳೂರಿಗೆ ಹೊರಟರೂ, ಈ ಅನುಮತಿಯಿಲ್ಲದೆ ಗಡಿ ದಾಟಿದೊಡನೆ ವಿಸ್ತರಣೆ ರದ್ದಾಗುತ್ತದೆ. ಒಂದು ಸಲಕ್ಕೆ 1,000 ಬಾತ್, ಹಲವು ಸಲಕ್ಕೆ 3,800 ಬಾತ್; ವಿಸ್ತರಣೆಯ ಮುದ್ರೆ ಬಿದ್ದ ದಿನವೇ ಟಿಎಂ 8 ನಮೂನೆ ತುಂಬಿ ಇದನ್ನೂ ಮುಗಿಸಿಬಿಡಿ. 90 ದಿನಗಳಿಗೊಮ್ಮೆ ವಿಳಾಸ ತಿಳಿಸುವ ಟಿಎಂ 47 ವರದಿ ಮಾತ್ರ ಬೇರೆಯೇ ಲೆಕ್ಕ. ವಿಸ್ತರಣೆ ಸಿಕ್ಕಿತೆಂದು ಅದನ್ನು ಬಿಡುವಂತಿಲ್ಲ.