ಮಸ್ಕತ್‌ನಲ್ಲಿ ಕೂತು ದಾವಣಗೆರೆಯ ಅಪ್ಪ-ಅವ್ವನ ಆಯುಷ್ಮಾನ್ ಕಾರ್ಡ್ ಮಾಡಿಸಿದ ಬಗೆ

ಎಲ್ಲ ಸರಿ ಇದ್ದರೆ ಆಯುಷ್ಮಾನ್ ಕಾರ್ಡ್, ಅಂದರೆ ಆಸ್ಪತ್ರೆ ಖರ್ಚಿಗೆ ಸರ್ಕಾರ ನೆರವಾಗುವ ಕಾರ್ಡ್, ಹದಿನೈದು ನಿಮಿಷದ ಕೆಲಸ. ನಾನು ಮಸ್ಕತ್‌ನಿಂದ ಅಪ್ಪ-ಅವ್ವನಿಗೆ ಮಾಡಿಸುವಾಗ ಏಳು ವಾರ ಹಿಡಿಯಿತು. ಆ ಏಳು ವಾರ ತಿಂದದ್ದು ಅರ್ಜಿಗೆ ಮುಂಚಿನ ಮೂರು ಸಂಗತಿ: ಆಧಾರ್‌ನಲ್ಲಿರುವ ಮೊಬೈಲ್ ನಂಬರ್, ರೇಷನ್ ಕಾರ್ಡ್, ಹೆಸರಿನ ಸ್ಪೆಲ್ಲಿಂಗ್. ಇವು ಮೂರನ್ನೂ ಪರದೇಶದಲ್ಲಿ ಕೂತೇ ಮೊದಲು ಪರೀಕ್ಷೆ ಮಾಡಬಹುದು. ಮುಖ ಮತ್ತು ಬೆರಳು ಮಾತ್ರ ಊರಲ್ಲೇ ಬೇಕು. ಅದಕ್ಕೆ ಅಲ್ಲಿ ಓಡಾಡಲು ಒಬ್ಬರು, ತಮ್ಮನೋ ಅಕ್ಕನ ಮಗನೋ, ಇರಲೇಬೇಕು. ಇಲ್ಲದಿದ್ದರೆ ರಜೆಗೆ ಹೋದಾಗ ಮೊದಲ ವಾರವೇ ಇದನ್ನು ಇಟ್ಟುಕೊಳ್ಳಿ. ಕೊನೆಯ ವಾರಕ್ಕೆ ಬಿಟ್ಟರೆ ಆಗುವುದಿಲ್ಲ.

ಊರಿಂದ ಯಾರಾದರೂ 'ಹೆಲ್ತ್ ಕಾರ್ಡ್ ಆಗೇತಿ' ಅಂತ ಫೋಟೋ ಕಳಿಸಿದರೆ ಸಮಾಧಾನ ಪಡುವ ಮೊದಲು ಅದನ್ನು ದೊಡ್ಡದು ಮಾಡಿ ನೋಡಿ. 14 ಅಂಕಿಯ ನಂಬರ್ ಮಾತ್ರ ಇದ್ದು, ಪಿಎಂ-ಜೆಎವೈ (ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆ) ಐಡಿ ಇಲ್ಲದಿದ್ದರೆ ಅದು ಆಭಾ ಕಾರ್ಡ್. ಆಭಾ ಅಂದರೆ ಚಿಕಿತ್ಸೆಯ ದಾಖಲೆಗಳನ್ನು ಒಂದೆಡೆ ಜೋಡಿಸುವ ಗುರುತಿನ ನಂಬರ್. ಅದರಿಂದ ಒಂದು ರೂಪಾಯಿ ಬಿಲ್ಲೂ ಕಡಿಮೆಯಾಗದು. ಆಸ್ಪತ್ರೆ ಖರ್ಚಿಗೆ ಬರುವುದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್, ನಾವು ಆಯುಷ್ಮಾನ್ ಕಾರ್ಡ್ ಎನ್ನುವುದು ಇದನ್ನೇ. ನನಗೆ ಪರಿಚಯವಿರುವ ಎಷ್ಟೋ ಮನೆಗಳಲ್ಲಿ ಆಭಾ ಮಾಡಿಸಿಕೊಂಡು ಎಲ್ಲ ಮುಗಿಯಿತು ಎಂದು ಕೂತಿದ್ದಾರೆ.

ಇನ್ನು ಹಣದ ಲೆಕ್ಕ. ಅಂತ್ಯೋದಯ ಅಥವಾ ಬಿಪಿಎಲ್ ಚೀಟಿ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್ ಕುಟುಂಬಕ್ಕೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ಇಡೀ ಕುಟುಂಬಕ್ಕೆ ಸೇರಿ ವರ್ಷಕ್ಕೆ 1.5 ಲಕ್ಷ ಮೀರದಂತೆ. ಪ್ಯಾಕೇಜ್ ದರ ಅಂದರೆ ಯೋಜನೆ ಆ ಚಿಕಿತ್ಸೆಗೆ ನಿಗದಿ ಮಾಡಿದ ದರ, ಖಾಸಗಿ ಆಸ್ಪತ್ರೆ ಹೇಳುವ ದರವಲ್ಲ. ಮಗ ಹೊರದೇಶದಲ್ಲಿ ದುಡಿಯುತ್ತಿರುವ ಬಹುಪಾಲು ಮನೆಗಳು ಎಪಿಎಲ್‌ಗೇ ಸೇರುತ್ತವೆ. ರಾಜ್ಯದಲ್ಲಿ ಬಿಪಿಎಲ್‌ಗೆ ವಾರ್ಷಿಕ ಆದಾಯದ ಮಿತಿ 1.2 ಲಕ್ಷ, ಜೊತೆಗೆ ಮನೆಯಲ್ಲಿ ಆದಾಯ ತೆರಿಗೆ ಕಟ್ಟುವವರು ಇರಬಾರದು. '5 ಲಕ್ಷದ್ದೇ ಮಾಡಿಸಿಕೊಡ್ತೀನಿ' ಎನ್ನುವ ಏಜೆಂಟರ ಮಾತಿಗೆ ಹೋಗಬೇಡಿ. ಸುಳ್ಳು ಹೇಳಿ ಪಡೆದ ಬಿಪಿಎಲ್ ಚೀಟಿ ರದ್ದಾದರೆ ಅಕ್ಕಿಯ ಜೊತೆಗೆ ಕಾರ್ಡಿನ ಲೆಕ್ಕವೂ ಬದಲಾಗುತ್ತದೆ. ಎಪಿಎಲ್ ಆಗಿದ್ದರೆ ಈ ಕಾರ್ಡಿನ ಜೊತೆ ಬೇರೆ ಆರೋಗ್ಯ ವಿಮೆಯೂ ಇರಲಿ ಎಂಬುದು ನನ್ನ ಅಭಿಪ್ರಾಯ. ಶೇ. 30 ನಂಬಿಕೊಂಡು ಮೊಣಕಾಲಿನ ಆಪರೇಷನ್‌ಗೆ ಹೋಗಲಾಗದು.

ಮೊಬೈಲ್ ನಂಬರಿಗೆ ಬರೋಣ. ಕಾರ್ಡ್ ಮಾಡುವಾಗ ಆಧಾರ್ ಓಟಿಪಿ ಬರುವುದು ಆಧಾರ್‌ನಲ್ಲಿರುವ ನಂಬರಿಗೇ. ಹೆಚ್ಚು ಜನ ಬೀಳುವ ಗುಂಡಿ ಇದು. ಆಧಾರ್ ಮಾಡಿಸುವಾಗ ಅಪ್ಪನ ಹತ್ತಿರ ಫೋನ್ ಇರಲಿಲ್ಲ, ಮಗನ ನಂಬರ್ ಕೊಟ್ಟರು. ಮಗ ಪರದೇಶಕ್ಕೆ ಬಂದ, ಆ ಸಿಮ್‌ಗೆ ರೀಚಾರ್ಜ್ ಮಾಡಲಿಲ್ಲ. ಪ್ರೀಪೇಯ್ಡ್ ಸಿಮ್ 90 ದಿನ ಬಳಸದೆ ಬಿದ್ದಿದ್ದರೆ ಕಂಪನಿ ಅದನ್ನು ನಿಲ್ಲಿಸಬಹುದು, ಆಮೇಲೆ ಅದೇ ನಂಬರ್ ಬೇರೊಬ್ಬರಿಗೆ ಹೋಗುತ್ತದೆ. ಆಗ ಅಪ್ಪನ ಓಟಿಪಿ ಯಾರೋ ಗುರುತಿಲ್ಲದವರ ಫೋನಿಗೆ ಬರುತ್ತದೆ. ಓಮನ್ ನಂಬರನ್ನೋ ಅಮೆರಿಕದ ನಂಬರನ್ನೋ ಕೊಡೋಣವೆಂದರೆ ಹೊರದೇಶದ ನಂಬರಿಗೆ ಆಧಾರ್ ಎಸ್ಸೆಮ್ಮೆಸ್ ಬರುವುದಿಲ್ಲ.

ಯಾವ ನಂಬರ್ ಇದೆ ಎಂದು ತಿಳಿಯಲು ಸುಲಭದ ದಾರಿ ಇದೆ. ಆಧಾರ್ ಪ್ರಾಧಿಕಾರದ ತಾಣದಲ್ಲಿ ಆಧಾರ್ ಸಿಂಧುವೇ ಎಂದು ನೋಡುವ ಪುಟದಲ್ಲಿ 12 ಅಂಕಿ ಹಾಕಿದರೆ ವಯಸ್ಸಿನ ಅಂದಾಜು, ಲಿಂಗ, ರಾಜ್ಯ, ಮೊಬೈಲಿನ ಕೊನೆಯ ಮೂರು ಅಂಕಿ ಕಾಣಿಸುತ್ತವೆ. ಅಲ್ಲಿಗೆ ಓಟಿಪಿ ಬೇಡ. ಆ ಮೂರು ಅಂಕಿ ಈಗ ಮನೆಯಲ್ಲಿರುವ ಫೋನಿನದೇ ಆಗಿದ್ದರೆ ಅರ್ಧ ಗೆದ್ದಿರಿ. ಇಲ್ಲದಿದ್ದರೆ ಆಧಾರ್ ಕೇಂದ್ರಕ್ಕೆ ಅಪ್ಪನನ್ನೇ ಕರೆದೊಯ್ಯಬೇಕು. ಮೊಬೈಲ್ ಬದಲಾವಣೆಗೆ ದಾಖಲೆ ಬೇಕಿಲ್ಲ, ಬೆರಳು ಸಾಕು. 2025ರ ಅಕ್ಟೋಬರ್‌ನಿಂದ ಶುಲ್ಕ 75 ರೂಪಾಯಿ. ನಡೆದಾಡಲು ಆಗದವರಾದರೆ ಅಂಚೆ ಕಚೇರಿಯಲ್ಲಿ ವಿಚಾರಿಸಿ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಯಂತ್ರವಿರುವ ಪೋಸ್ಟ್‌ಮ್ಯಾನ್ ಮನೆ ಬಾಗಿಲಲ್ಲೇ ನಂಬರ್ ಬದಲಿಸುವ ಸೇವೆ 2021ರಿಂದ ಇದೆ. ರಸೀದಿ ಬಿಸಾಡಬೇಡಿ. ಅದರಲ್ಲಿರುವ ನಂಬರಿನಿಂದಲೇ ಬದಲಾವಣೆ ಆಯಿತೇ ಎಂದು ಇಲ್ಲಿಂದ ನೋಡಬಹುದು. ಅಪ್ಪನಿಗೂ ಅವ್ವನಿಗೂ ಒಂದೇ ನಂಬರ್ ಕೊಡಬಹುದು, ತೊಂದರೆಯಿಲ್ಲ. ಕೀಪ್ಯಾಡ್ ಫೋನ್ ಆದರೂ ಸರಿ, ಎಸ್ಸೆಮ್ಮೆಸ್ ಓದಿ ಹೇಳುವವರು ಪಕ್ಕದಲ್ಲಿರಲಿ.

ಎರಡನೆಯದು ರೇಷನ್ ಕಾರ್ಡ್. ಕುಟುಂಬವನ್ನು ಹುಡುಕುವುದು ಸಾಮಾನ್ಯವಾಗಿ ಅದರ ನಂಬರಿನಿಂದ. ರೇಷನ್ ಕೊಡುವ ಸೊಸೈಟಿಯಲ್ಲಿ ಬೆರಳೊತ್ತಿ ಇ-ಕೆವೈಸಿ (ಆಧಾರ್ ಮೂಲಕ ಗುರುತಿನ ಖಾತ್ರಿ) ಮಾಡಿಸದ ಸದಸ್ಯರ ಹೆಸರು ತೂಗಾಡುತ್ತಿರುತ್ತದೆ. ಅಲ್ಲಿ ಮೊದಲು ಸಿಕ್ಕಿಬೀಳುವುದು ಹೊರದೇಶದಲ್ಲಿರುವ ನಾವೇ. ನಾನು ನನ್ನ ಹೆಸರು ತೆಗೆಸಿದೆ. ತೆಗೆಸಿದ್ದರಿಂದ ಅಪ್ಪ-ಅವ್ವನ ಆಯುಷ್ಮಾನ್ ಕಾರ್ಡಿಗೆ ಏನೂ ಆಗುವುದಿಲ್ಲ, ಆ ಕಾರ್ಡ್ ಒಬ್ಬೊಬ್ಬರಿಗೂ ಬೇರೆ. ತಿದ್ದುಪಡಿಗೆ ಸರ್ವರ್ ವರ್ಷವಿಡೀ ತೆರೆದಿರುವುದಿಲ್ಲ, ಕೆಲವು ದಿನಕ್ಕೆ ಬಿಡುತ್ತಾರೆ. ಬಿಟ್ಟ ದಿನ ಕರ್ನಾಟಕ ಒನ್, ಗ್ರಾಮ ಒನ್ ಮುಂದೆ ಸಾಲು. ನನ್ನ ಏಳು ವಾರದಲ್ಲಿ ಮೂರು ಇದಕ್ಕೇ ಹೋದವು.

ನಮ್ಮ ಜಿಲ್ಲೆಗೇ ವಿಶೇಷವಾದ ಒಂದು ತೊಡಕು ಇಲ್ಲಿದೆ. ಹುಡುಕುವ ಪುಟದಲ್ಲಿ ಜಿಲ್ಲೆ ಆರಿಸಬೇಕು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮುಂಚಿನ ಕಾಗದಗಳಲ್ಲಿ ದಾವಣಗೆರೆ, ಹರಿಹರ, ಜಗಳೂರಿನವರದು ಚಿತ್ರದುರ್ಗ ಜಿಲ್ಲೆ, ಹೊನ್ನಾಳಿ, ಚನ್ನಗಿರಿಯವರದು ಶಿವಮೊಗ್ಗ. ಇದು ಹಳೆಯ ಮಾತು, ಅಷ್ಟಾಗಿ ಕಾಡುವುದಿಲ್ಲ. ಕಾಡುವುದು ಹರಪನಹಳ್ಳಿ. ಬಳ್ಳಾರಿಯಿಂದ 1997ರಲ್ಲಿ ದಾವಣಗೆರೆಗೆ ಬಂತು, ಮತ್ತೆ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಅಲ್ಲಿಯವರ ಹಳೆಯ ಆಧಾರ್‌ನಲ್ಲಿ ದಾವಣಗೆರೆ ಎಂದೇ ಇರುತ್ತದೆ. ಒಂದು ಜಿಲ್ಲೆಯಲ್ಲಿ ಹೆಸರು ಸಿಗಲಿಲ್ಲ ಎಂದ ಕೂಡಲೇ 'ನಿಮ್ಮ ಹೆಸರೇ ಇಲ್ಲ' ಎಂದು ಕಳಿಸಿಬಿಡುತ್ತಾರೆ. ಮೂರೂ ಜಿಲ್ಲೆ ಹಾಕಿ ನೋಡಿಸಿ, ಇಲ್ಲವೇ ಆಧಾರ್ ನಂಬರಿನಿಂದ ಹುಡುಕಿಸಿ.

ಮೂರನೆಯದು ಹೆಸರು. ಆಧಾರ್‌ನಲ್ಲಿರುವ ಹೆಸರನ್ನು ಫಲಾನುಭವಿ ಪಟ್ಟಿಯ ಹೆಸರಿನ ಜೊತೆ ಕಂಪ್ಯೂಟರ್ ಹೋಲಿಸಿ ಅಂಕ ಕೊಡುತ್ತದೆ. 80 ದಾಟಿದರೆ ಕಾರ್ಡ್ ತಾನಾಗಿ ಮಂಜೂರು. ಕಡಿಮೆಯಾದರೆ ಯಾರಾದರೂ ಕೂತು ಪರಿಶೀಲಿಸುವವರೆಗೆ ಬಾಕಿ. ಬಸಪ್ಪ ಎಂಬ ಹೆಸರಿಗೆ ಇಂಗ್ಲಿಷಿನಲ್ಲಿ ಒಂದು ಕಡೆ ಒಂದು 'ಎಸ್', ಇನ್ನೊಂದು ಕಡೆ ಎರಡು ಇದ್ದರೆ ಪಾಸಾಗುತ್ತದೆ. ಆದರೆ ಒಂದು ಕಡೆ 'ಕೆ.ಜಿ. ಬಸಪ್ಪ', ಇನ್ನೊಂದು ಕಡೆ ಇನಿಷಿಯಲ್ ಬಿಡಿಸಿ ಊರು, ತಂದೆ ಹೆಸರು ಎಲ್ಲ ಬರೆದಿದ್ದರೆ ಬೀಳುತ್ತದೆ. ಹೊರದೇಶದವರ ಮನೆಗಳಲ್ಲಿ ಇದು ಜಾಸ್ತಿ. ಮಗನನ್ನು ನೋಡಲು ಹೋಗಬೇಕೆಂದು ಪಾಸ್‌ಪೋರ್ಟ್ ಮಾಡಿಸುವಾಗ ಆಧಾರ್‌ನಲ್ಲಿ ಇನಿಷಿಯಲ್ ಬಿಡಿಸಿರುತ್ತೇವೆ, ರೇಷನ್ ಕಾರ್ಡ್ ಹಳೆಯ ಹೆಸರಿನಲ್ಲೇ ಉಳಿದಿರುತ್ತದೆ. ಹೀಗಾದಾಗ ಆಧಾರ್ ಮುಟ್ಟಬೇಡಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ರೇಷನ್ ಕಾರ್ಡಿನ ಹೆಸರನ್ನೇ ಆಧಾರ್‌ಗೆ ಸರಿಹೊಂದಿಸಿ.

ಇಷ್ಟಾದ ಮೇಲೆ ಕಾರ್ಡಿನ ದಿನ. ಓಮನ್‌ನಲ್ಲಿ ಶುಕ್ರವಾರ ರಜೆ, ಊರಲ್ಲಿ ಕೆಲಸದ ದಿನ. ನಮ್ಮ ಗಡಿಯಾರ ಒಂದೂವರೆ ಗಂಟೆ ಹಿಂದೆ. ದಾವಣಗೆರೆಯ ಬೆಳಿಗ್ಗೆ ಏಳಕ್ಕೆ ಶುರು ಮಾಡಿದರೆ ಸರ್ವರ್ ಹಗುರಾಗಿರುತ್ತದೆ. ನಮ್ಮ ಸರ್ಕಾರಿ ತಾಣಗಳಲ್ಲಿ ಕೆಲವು ಹೊರದೇಶದಿಂದ ತೆರೆಯುವುದೇ ಇಲ್ಲ. ನಾನು ಅದಕ್ಕೆ ಗುದ್ದಾಡದೆ ಊರಿನ ಸ್ಮಾರ್ಟ್‌ಫೋನಿನಲ್ಲೇ ಆಯುಷ್ಮಾನ್ ಆ್ಯಪ್ ಹಾಕಿಸಿ, ಇನ್ನೊಂದು ಫೋನಿನಲ್ಲಿ ವಿಡಿಯೊ ಕಾಲ್ ಇಟ್ಟುಕೊಂಡು ಹೇಳಿಕೊಟ್ಟೆ. ಲಾಗಿನ್‌ಗೆ ಹತ್ತು ಅಂಕಿಯ ಭಾರತದ ನಂಬರೇ ಬೇಕು. ರಾಜ್ಯ, ಯೋಜನೆ, ಜಿಲ್ಲೆ, ಆಮೇಲೆ ಕುಟುಂಬದ ನಂಬರ್ ಅಥವಾ ಆಧಾರ್. ಮನೆಯವರ ಪಟ್ಟಿ ಬರುತ್ತದೆ. ಹೆಸರಿನ ಮುಂದಿನ ಇ-ಕೆವೈಸಿ ಒತ್ತಿ ಆಧಾರ್ ಓಟಿಪಿ ಆರಿಸಬೇಕು. ಗಡಿಬಿಡಿ ಶುರುವಾಗುವುದು ಇಲ್ಲಿ. ಲಾಗಿನ್‌ನ ಓಟಿಪಿ ಒಂದು, ಆಧಾರ್‌ನದು ಇನ್ನೊಂದು, ಎರಡೂ ಒಂದೇ ಫೋನಿಗೆ ಬಂದಿರುತ್ತವೆ. ಕಳಿಸಿದವರ ಹೆಸರು ಓದಿಸಿಕೊಂಡು ಹಾಕಿ. ಆಧಾರ್ ಓಟಿಪಿಯ ಆಯುಷ್ಯ ಹತ್ತು ನಿಮಿಷ. ಬರಲಿಲ್ಲವೆಂದು ಮತ್ತೆ ಮತ್ತೆ ಒತ್ತಿದರೆ ಹಳೆಯದು ಕೆಲಸ ಮಾಡದು, ಹೊಸದು ತಡವಾಗುತ್ತದೆ. ಎರಡು ನಿಮಿಷ ಸುಮ್ಮನೆ ಕಾಯುವುದೇ ವಾಸಿ.

ಆಮೇಲೆ ಫೋಟೋ. ಗ್ಯಾಲರಿಯಲ್ಲಿರುವುದನ್ನು ಹಾಕಲು ಬರುವುದಿಲ್ಲ, ಕ್ಯಾಮೆರಾದಲ್ಲಿ ಆಗಲೇ ತೆಗೆಯಬೇಕು.

'ಅವ್ವಾ, ಕಿಟಕಿ ಕಡೆ ಮುಖ ಮಾಡು. ಚಷ್ಮಾ ತೆಗಿ.'

'ಚಷ್ಮಾ ತೆಗದ್ರ ಫೋನ್ ಎಲ್ಲೈತಿ ಅಂತ ಕಾಣಂಗಿಲ್ಲಪ್ಪ.'

ಫೋನ್ ಹಿಡಿಯುವವರು ಬೇರೆ ಇರಲಿ, ಬೆಳಕು ಮುಖದ ಮೇಲೆ ಬೀಳಲಿ, ಹಿಂದೆ ಬಿಳಿ ಗೋಡೆ ಇರಲಿ. ಟ್ಯೂಬ್‌ಲೈಟ್ ಕೆಳಗೆ ತೆಗೆದದ್ದರಲ್ಲಿ ಕಣ್ಣಿನ ಕುಳಿ ಕಪ್ಪಾಗುತ್ತದೆ. ಕೊನೆಗೆ ಸಂಬಂಧ, ಪಿನ್ ಕೋಡ್, ಗ್ರಾಮಾಂತರವೋ ನಗರವೋ, ವಾರ್ಡ್ ಅಥವಾ ಹಳ್ಳಿ. ಮಂಜೂರಾದ ಮೇಲೆ ಪಿಡಿಎಫ್ ಇಳಿಸಿಕೊಳ್ಳಲು ಮತ್ತೆ ಆಧಾರ್ ದೃಢೀಕರಣ ಕೇಳುತ್ತದೆ, ಅದಕ್ಕೇ ಆಗಲೇ ಇಳಿಸಿ ವಾಟ್ಸಾಪಿನಲ್ಲಿ ನಿಮಗೊಂದು ಪ್ರತಿ ತರಿಸಿಕೊಳ್ಳಿ. ಆ್ಯಪ್‌ನಲ್ಲಿ ನೀವೇ ಮಾಡಿಕೊಂಡರೆ ಖರ್ಚಿಲ್ಲ. ಪ್ಲಾಸ್ಟಿಕ್ ಪ್ರಿಂಟ್ ಬೇಕೆಂದರೆ ಅಂಗಡಿಗೆ ಕೊಡುವುದಷ್ಟೆ.

ಆ್ಯಪ್‌ನಲ್ಲಿ ಹೆಸರೇ ಸಿಗದಿದ್ದರೆ ಅಥವಾ ಓಟಿಪಿ ದಾರಿ ಮುಚ್ಚಿದ್ದರೆ ಕರ್ನಾಟಕ ಒನ್ ಅಥವಾ ಗ್ರಾಮ ಒನ್ ಕೇಂದ್ರಕ್ಕೆ ಹೋಗಿ ಬೆರಳೊತ್ತಬೇಕು. ಹೊಲದಲ್ಲಿ ದುಡಿದ, ಐವತ್ತು ವರ್ಷ ಪಾತ್ರೆ ತಿಕ್ಕಿದ ಬೆರಳಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ಕೈ ತೊಳೆದು, ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ, ಹಗುರಾಗಿ ಇಡಲು ಹೇಳಿ. ಜೋರಾಗಿ ಒತ್ತಿದಷ್ಟೂ ಗೆರೆ ಚಪ್ಪಟೆಯಾಗಿ ಯಂತ್ರಕ್ಕೆ ಸಿಗುವುದಿಲ್ಲ. ಹೆಬ್ಬೆರಳೇ ಆಗಬೇಕೆಂದಿಲ್ಲ, ಹತ್ತರಲ್ಲಿ ಯಾವುದಾದರೂ ಸರಿ. ಪರದೆಯ ಮೇಲೆ 300 ಎಂಬ ದೋಷ ಬಂದರೆ ಬೆರಳು ತಾಳೆಯಾಗಲಿಲ್ಲ ಎಂದು ಅರ್ಥ, ಬೇರೆ ಬೆರಳು ಇಡಿ. 330 ಬಂದರೆ ಬೆರಳಿನ ತಪ್ಪಿಲ್ಲ. ಆಧಾರ್‌ನ ಬಯೊಮೆಟ್ರಿಕ್ ಲಾಕ್ ಆಗಿದೆ. ವಂಚನೆಯ ಸುದ್ದಿ ಓದಿ ಹೆದರಿ, ಅಪ್ಪ-ಅವ್ವನ ಬಯೊಮೆಟ್ರಿಕ್ ಲಾಕ್ ಮಾಡಿಟ್ಟವರು ಸಾಮಾನ್ಯವಾಗಿ ಪರದೇಶದ ಮಕ್ಕಳೇ. ಮಾಡಿದ್ದು ಮರೆತಿರುತ್ತದೆ. ತಾತ್ಕಾಲಿಕವಾಗಿ ತೆರೆದರೆ ಹತ್ತು ನಿಮಿಷಕ್ಕೆ ಮತ್ತೆ ತಾನೇ ಮುಚ್ಚಿಕೊಳ್ಳುತ್ತದೆ. ಸಾಲಿನಲ್ಲಿ ಅವರ ಸರದಿ ಬಂದಾಗಲೇ ತೆರೆಯಿರಿ.

ವಯಸ್ಸು 70 ತುಂಬಿದವರಿಗೆ ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಆಯುಷ್ಮಾನ್ ವಯ ವಂದನ ಕಾರ್ಡ್ ಶುರು ಮಾಡಿತು. ಅದಕ್ಕೆ ಆದಾಯದ ಮಿತಿ ಇಲ್ಲ, ವಯಸ್ಸು ಆಧಾರ್‌ನಲ್ಲಿ ಇದ್ದಂತೆ. ಹಿರಿಯರ ಆಧಾರ್‌ನಲ್ಲಿ ಬರೀ ವರ್ಷ ಅಥವಾ ಜನವರಿ 1 ಎಂದು ಇರುವುದು ಮಾಮೂಲು. ಕಾರ್ಡ್ ಕೈಗೆ ಬಂತೆಂದು ನಿರಾಳರಾಗದೆ, ನಿಮ್ಮವರು ಹೋಗುವ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆಯೇ ಎಂದು ಅಲ್ಲಿನ ಆರೋಗ್ಯ ಮಿತ್ರರನ್ನು (ಯೋಜನೆಯ ಸಹಾಯಕರನ್ನು) ಮೊದಲೇ ಕೇಳಿಸಿ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಅವರಿಗೊಂದು ಮೇಜು ಇರುತ್ತದೆ.

ಕಾರ್ಡ್ ಇದ್ದೂ ದುಡ್ಡು ಕಟ್ಟುವಂತಾಗುವುದು ರೆಫರಲ್, ಅಂದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು, ಗೊತ್ತಿಲ್ಲದೆ. ಆರೋಗ್ಯ ಕರ್ನಾಟಕದಲ್ಲಿ ಮೊದಲ ಬಾಗಿಲು ಸರ್ಕಾರಿ ಆಸ್ಪತ್ರೆ, ದಾವಣಗೆರೆಯವರಿಗೆ ಚಿಗಟೇರಿ ಜಿಲ್ಲಾಸ್ಪತ್ರೆ. ಅಲ್ಲಿ ಆಗದ ಚಿಕಿತ್ಸೆಗೆ ಅಲ್ಲಿಂದ ರೆಫರಲ್ ಪಡೆದು ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ಮಾತ್ರ ನೇರ ಹೋಗಬಹುದು. ಕಾರ್ಡನ್ನು ದಾಖಲಾಗುವ ಹೊತ್ತಿಗೇ ತೋರಿಸಬೇಕು, ಯಾಕೆಂದರೆ ಚಿಕಿತ್ಸೆಗೆ ಮುಂಚೆ ಮಂಜೂರಾತಿ ತರಿಸಬೇಕು. ಬಿಲ್ಲು ಕಟ್ಟಿ ಆಮೇಲೆ ವಾಪಸು ಪಡೆಯೋಣ ಎನ್ನುವಂತಿಲ್ಲ. ಹೊರರೋಗಿಯಾಗಿ ತೋರಿಸಿಕೊಂಡು ಬರುವುದಕ್ಕೆ, ಬಿಪಿ-ಶುಗರ್ ಮಾತ್ರೆಗೆ ಇದು ಬರುವುದಿಲ್ಲ.

ಸಹಾಯವಾಣಿ 14555, ರಾಜ್ಯದ್ದು 104, ಆಧಾರ್‌ನದು 1947. ಹೊರದೇಶದಿಂದ ಇವಕ್ಕೆ ಕಾಲ್ ಹೋಗದು, ಊರಿನವರೇ ಮಾಡಬೇಕು.

ನಮ್ಮದೇ ಕಾರ್ಡ್ ಆಗುತ್ತದೆಯೇ ಎಂದು ಕೇಳುವವರಿಗೆ: ಯೋಜನೆ ರಾಜ್ಯದ ನಿವಾಸಿಗಳಿಗೆ, ನಾವು ಇಲ್ಲಿರುವಷ್ಟು ದಿನ ಅದರ ಲೆಕ್ಕದಲ್ಲಿಲ್ಲ. ಮರಳಿ ಬಂದ ಮೇಲೆ ಬೇಕಾಗುವುದು ಆಧಾರ್. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ಅದಕ್ಕೆ 182 ದಿನ ಕಾಯಬೇಕಿಲ್ಲ, ಬಂದಿಳಿದ ಮೇಲೆ ಅರ್ಜಿ ಹಾಕಬಹುದು. ಪಾಸ್‌ಪೋರ್ಟ್ ಮತ್ತು ಇಮೇಲ್ ಕಡ್ಡಾಯ. ಓಸಿಐ ಕಾರ್ಡ್ (ಹೊರದೇಶದ ಪೌರರಾದ ಭಾರತ ಮೂಲದವರ ಕಾರ್ಡ್) ಇರುವವರಿಗೆ 182 ದಿನದ ವಾಸದ ನಿಯಮ ಉಂಟು.

ನಮ್ಮ ಮನೆಯಲ್ಲಿ ಕಾರ್ಡಿನ ಎರಡು ಪ್ರಿಂಟ್, ಆಧಾರ್ ಮತ್ತು ರೇಷನ್ ಕಾರ್ಡಿನ ಜೆರಾಕ್ಸ್, ನಡೆಯುತ್ತಿರುವ ಮಾತ್ರೆಗಳ ಚೀಟಿ, ಇಷ್ಟನ್ನು ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಗ್ಯಾಸ್ ಬುಕ್ಕಿನ ಜೊತೆ ಇಟ್ಟಿದ್ದಾರೆ. ಕವರ್ ಎಲ್ಲಿದೆ ಎಂಬುದು ಪಕ್ಕದ ಮನೆಯವರಿಗೂ ಗೊತ್ತು.